‘ಇದ್ದಾರೆ’ ಎಂಬುದೂ ಒಂದು ಉತ್ತರವೇ

ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿ ದಾಖಲೆಗಳ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ವರ್ಷಗಳಲ್ಲಿ, ಸಂಜೆ ಕಚೇರಿ ಮುಚ್ಚುವ ಹೊತ್ತಿಗೆ ಬರುವ ದೂರವಾಣಿ ಕರೆಗಳೆಂದರೆ ನನಗೆ ಒಂದು ಬಗೆಯ ಅಳುಕು ಬೆಳೆದುಬಿಟ್ಟಿತ್ತು. ಅದಕ್ಕೆ ಕಾರಣವಾದ ಕರೆಯನ್ನು ಸ್ವೀಕರಿಸಿದವನು ನಾನಲ್ಲ, ಪಕ್ಕದ ಮೇಜಿನ ಸಹೋದ್ಯೋಗಿ. ಕರೆ ಮಾಡಿದಾತ ಅವಸರದಲ್ಲಿದ್ದ, ಆದರೆ ಒರಟಾಗಿರಲಿಲ್ಲ. “ಸರ್, ನಾನು ಅವಳ ಅಣ್ಣ. ಅಮ್ಮನ್ನ ಆಸ್ಪತ್ರೆಗೆ ಸೇರಿಸಿದ್ದೀವಿ, ಅವಳ ಫೋನು ಸಿಗ್ತಾ ಇಲ್ಲ. ಈಗ ಯಾವ ಕ್ಲಾಸಲ್ಲಿದ್ದಾಳೆ ಅಂತ ಹೇಳಿದ್ರೆ ಸಾಕು, ನಾನೇ ಬಂದು ಕರ್ಕೊಂಡು ಹೋಗ್ತೀನಿ.” ವಿದ್ಯಾರ್ಥಿನಿಯ ಪೂರ್ಣ ಹೆಸರು, ಹುಟ್ಟಿದ ದಿನಾಂಕ, ಓದುತ್ತಿದ್ದ ವಿಭಾಗ ಎಲ್ಲವನ್ನೂ ಆತ ಸರಿಯಾಗಿಯೇ ಹೇಳಿದ. ನನ್ನ ಸಹೋದ್ಯೋಗಿ ವೇಳಾಪಟ್ಟಿಯನ್ನು ಪರದೆಯ ಮೇಲೆ ತೆರೆದು, ಮೂರನೇ ಮಹಡಿಯ ಪ್ರಯೋಗಾಲಯ, ನಾಲ್ಕೂವರೆಗೆ ಬಿಡುತ್ತಾರೆ ಎಂದು ತಿಳಿಸಿ, ತಾಯಿ ಬೇಗ ಗುಣವಾಗಲಿ ಎಂದು ಹಾರೈಸಿ ಫೋನು ಇಟ್ಟರು.

ನಾಲ್ಕು ದಿನಗಳ ನಂತರ ಆ ವಿದ್ಯಾರ್ಥಿನಿ ಕೌಂಟರಿನ ಮುಂದೆ ನಿಂತಿದ್ದಳು. ತನ್ನ ತರಗತಿಯ ಸಮಯವನ್ನು ಯಾರು ಕೊಟ್ಟರು ಎಂಬುದಷ್ಟೇ ಅವಳ ಪ್ರಶ್ನೆಯಾಗಿತ್ತು. ಅಣ್ಣ ಕರೆ ಮಾಡಿದ್ದರು ಎಂದು ಸಹೋದ್ಯೋಗಿ ಹೇಳಿದಾಗ ಅವಳು, “ನನಗೆ ಅಣ್ಣ ಇಲ್ಲ” ಎಂದಳು. ಯಾರಿಂದ ತಪ್ಪಿಸಿಕೊಳ್ಳಲು ಅವಳು ಫೋನ್ ಸಂಖ್ಯೆಯನ್ನೂ ವಾಸದ ಕೋಣೆಯನ್ನೂ ಬದಲಿಸಿದ್ದಳೋ ಆತ ಅಂದು ನಾಲ್ಕೂವರೆಗೆ ಮೆಟ್ಟಿಲಿನ ಬುಡದಲ್ಲಿ ನಿಂತಿದ್ದ. ಮೇಲಿನ ಕಿಟಕಿಯಿಂದ ಅವನನ್ನು ಕಂಡು ಅವಳು ಹಿಂಬಾಗಿಲಿನಿಂದ ಹೊರಟುಹೋಗಿದ್ದಳು. ಅನಾಹುತವೇನೂ ಆಗಲಿಲ್ಲ. ಆದರೆ ಸಹೋದ್ಯೋಗಿ ಮುಂದೆ ಎಷ್ಟೋ ವಾರ ಆ ಫೋನನ್ನು ಎತ್ತಲು ಹಿಂಜರಿಯುತ್ತಿದ್ದರು. ಅವರು ಅಂಕಪಟ್ಟಿಯನ್ನೇನೂ ಕೊಟ್ಟಿರಲಿಲ್ಲ, ವಿಳಾಸವನ್ನೂ ಕೊಟ್ಟಿರಲಿಲ್ಲ. ಕೊಟ್ಟದ್ದು ಒಂದು ಮಹಡಿ ಮತ್ತು ಒಂದು ಗಂಟೆ.

ವಿದ್ಯಾರ್ಥಿಗಳ ಖಾಸಗಿತನ ಎಂದೊಡನೆ ಹೆಚ್ಚಿನವರ ಮನಸ್ಸಿಗೆ ಬರುವುದು ಅಂಕಗಳು, ಶುಲ್ಕದ ಬಾಕಿ, ವೈದ್ಯಕೀಯ ದಾಖಲೆ, ಶಿಸ್ತುಕ್ರಮದ ಕಡತ. ಇವನ್ನು ಹೊರಗಿನವರಿಗೆ ಕೊಡಬಾರದೆಂಬುದು ಹೊಸದಾಗಿ ಸೇರಿದ ಗುಮಾಸ್ತನಿಗೂ ಗೊತ್ತಿರುತ್ತದೆ. ಆದರೆ ಹೊರಗಿನಿಂದ ಬರುವ ವಿಚಾರಣೆಗಳಲ್ಲಿ ಅಂಕಗಳನ್ನು ಕೇಳುವಂಥವು ವಿರಳ. ಇಂಥವರು ನಿಮ್ಮಲ್ಲಿ ಓದುತ್ತಿದ್ದಾರೆಯೇ, ಈ ವರ್ಷವೂ ನೋಂದಾಯಿಸಿದ್ದಾರೆಯೇ, ಯಾವ ವಿಭಾಗ, ಎಷ್ಟು ಹೊತ್ತಿಗೆ ಸಿಗುತ್ತಾರೆ: ಬರುವುದು ಇಂಥ ಪ್ರಶ್ನೆಗಳೇ, ಮತ್ತು ನಾವು ಉಪಕಾರಬುದ್ಧಿಯಿಂದ ಉತ್ತರಿಸಿಬಿಡುವುದೂ ಇವಕ್ಕೇ. ಕೇಳುವವನ ಕೈಯಲ್ಲಿ ಮಿಕ್ಕೆಲ್ಲವೂ ಇದ್ದು ಕೊನೆಯ ಒಂದು ತುಣುಕು ಮಾತ್ರ ಬೇಕಾಗಿರುವಾಗ, ಆ ತುಣುಕು ಎಷ್ಟು ಸಾಮಾನ್ಯವಾದದ್ದು ಎಂಬ ನಮ್ಮ ಅಂದಾಜಿಗೆ ಬೆಲೆಯೇ ಇಲ್ಲ.

ಈ ವಿಷಯದಲ್ಲಿ ಹೆಚ್ಚಾಗಿ ಉಲ್ಲೇಖಿಸಲ್ಪಡುವ ಕಾನೂನು ಅಮೆರಿಕದ್ದು. ಕೌಟುಂಬಿಕ ಶೈಕ್ಷಣಿಕ ಹಕ್ಕುಗಳು ಮತ್ತು ಖಾಸಗಿತನ ಕಾಯ್ದೆ, ಅಂದರೆ ‘ಫೆರ್ಪಾ’, 1974ರಲ್ಲಿ ಜಾರಿಗೆ ಬಂತು. ವಿದ್ಯಾರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆ ಶೈಕ್ಷಣಿಕ ದಾಖಲೆಯನ್ನು ಹೊರಗೆ ಕೊಡುವಂತಿಲ್ಲ ಎಂಬುದು ಅದರ ಮೂಲ ನಿಯಮ. ಆದರೆ ‘ಡೈರೆಕ್ಟರಿ ಮಾಹಿತಿ’ ಎಂಬ ಒಂದು ವಿಶಾಲವಾದ ಬಾಗಿಲನ್ನು ಆ ಕಾಯ್ದೆಯೇ ತೆರೆದಿಟ್ಟಿದೆ. ಹೆಸರು, ವಿಳಾಸ, ದೂರವಾಣಿ ಸಂಖ್ಯೆ, ಹುಟ್ಟಿದ ದಿನಾಂಕ ಮತ್ತು ಸ್ಥಳ, ಓದುವ ವಿಷಯ, ವ್ಯಾಸಂಗದ ಅವಧಿ, ಪಡೆದ ಪದವಿ, ಕ್ರೀಡಾ ತಂಡದಲ್ಲಿದ್ದರೆ ಎತ್ತರ ಮತ್ತು ತೂಕ ಸಹ ಇದರಲ್ಲಿ ಸೇರಬಹುದು. ಯಾವುದನ್ನು ಈ ಪಟ್ಟಿಗೆ ಸೇರಿಸಿದ್ದೇವೆಂದು ಸಂಸ್ಥೆ ಮೊದಲೇ ಪ್ರಕಟಿಸಿದ್ದು, ವಿದ್ಯಾರ್ಥಿ ಬೇಡವೆಂದು ಬರೆದುಕೊಡದಿದ್ದರೆ, ಕೇಳಿದವರಿಗೆ ಕೊಡಲು ಅಡ್ಡಿಯಿಲ್ಲ. ದೂರವಾಣಿ ಪುಸ್ತಕಗಳು ಮನೆಮನೆಯಲ್ಲಿದ್ದ ಕಾಲದ ಕಲ್ಪನೆ ಇದು. ಅಂದಿಗೆ ಅದು ತಪ್ಪೆಂದು ಹೇಳಲಾರೆ. ಇಂದಿಗೆ ಒಪ್ಪಲಾರೆ.

ಒಪ್ಪದಿರಲು ಕಾರಣವನ್ನು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಲಟಾನ್ಯಾ ಸ್ವೀನಿ ತೊಂಬತ್ತರ ದಶಕದಲ್ಲಿಯೇ ತೋರಿಸಿಕೊಟ್ಟಿದ್ದರು. ಆಗ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಅವರು, ಹೆಸರುಗಳನ್ನು ತೆಗೆದುಹಾಕಿ ಸಂಶೋಧನೆಗೆಂದು ಬಿಡುಗಡೆ ಮಾಡಿದ್ದ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನೂ, 20 ಡಾಲರಿಗೆ ಕೊಂಡ ಮತದಾರರ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು, ಮ್ಯಾಸಚೂಸೆಟ್ಸ್ ರಾಜ್ಯದ ಅಂದಿನ ಗವರ್ನರರ ದಾಖಲೆಯನ್ನೇ ಗುರುತಿಸಿದರು. ಗವರ್ನರರು ವಾಸಿಸುತ್ತಿದ್ದ ಊರಿನಲ್ಲಿ ಅವರ ಹುಟ್ಟಿದ ದಿನಾಂಕದವರು ಆರು ಮಂದಿ, ಅವರಲ್ಲಿ ಗಂಡಸರು ಮೂವರು, ಅವರ ಅಂಚೆ ಸಂಕೇತದಲ್ಲಿ ವಾಸಿಸುತ್ತಿದ್ದವರು ಒಬ್ಬರೇ. ಹುಟ್ಟಿದ ದಿನಾಂಕ, ಲಿಂಗ, ಅಂಚೆ ಸಂಕೇತ ಈ ಮೂರೇ ಸೇರಿ ಅಮೆರಿಕದ ಸುಮಾರು 87 ಪ್ರತಿಶತ ಜನರನ್ನು ಒಂಟಿಯಾಗಿ ಗುರುತಿಸಬಲ್ಲವು ಎಂದು ಅವರು 2000ದಲ್ಲಿ ಅಂದಾಜಿಸಿದರು. ಫೋನಿನಲ್ಲಿ ಕೇಳುವ “ಬರೀ ಹುಟ್ಟಿದ ದಿನಾಂಕ ಅಷ್ಟೇ” ಎಂಬ ಮಾತಿನಲ್ಲಿರುವ ‘ಅಷ್ಟೇ’ ಎಂಬ ಪದವನ್ನು ಅಂದಿನಿಂದ ನಾನು ನಂಬುವುದಿಲ್ಲ.

ಹಾಗಾದರೆ ಏನು ಹೇಳಬೇಕು? ಇಲ್ಲಿಯೇ ಕಚೇರಿಗಳು ಎಡವುವುದು. ಬೇಡವೆಂದು ಬರೆದುಕೊಟ್ಟ ವಿದ್ಯಾರ್ಥಿಯ ಬಗ್ಗೆ ವಿಚಾರಣೆ ಬಂದಾಗ “ಅವರ ಮಾಹಿತಿಯನ್ನು ಗೌಪ್ಯವಾಗಿಟ್ಟಿದ್ದೇವೆ” ಎಂದು ಪ್ರಾಮಾಣಿಕವಾಗಿ ಹೇಳಿಬಿಡುವವರಿದ್ದಾರೆ. ಆ ವಾಕ್ಯ ಎರಡು ಸಂಗತಿಗಳನ್ನು ಹೊರಹಾಕುತ್ತದೆ: ವಿದ್ಯಾರ್ಥಿ ಇಲ್ಲಿದ್ದಾರೆ, ಮತ್ತು ಯಾರಿಂದಲೋ ಮರೆಯಾಗಿರಲು ಬಯಸಿದ್ದಾರೆ. ಹುಡುಕುತ್ತಿರುವವನಿಗೆ ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ. ಇನ್ನು ಕೆಲವರು “ಅಂಥವರು ಇಲ್ಲಿ ಇಲ್ಲ” ಎನ್ನುತ್ತಾರೆ; ಅದು ಸುಳ್ಳು, ಮೇಲಾಗಿ ನಾಳೆ ಅದೇ ವಿದ್ಯಾರ್ಥಿಯ ಪದವಿಯನ್ನು ಪರಿಶೀಲಿಸಲು ಉದ್ಯೋಗದಾತರು ಕೇಳಿದಾಗ ಅವರಿಗೇ ಮುಳುವಾಗುವ ಸುಳ್ಳು. ನಮ್ಮಲ್ಲಿ ಬಹಳ ಚರ್ಚೆಯ ನಂತರ ಗೊತ್ತುಪಡಿಸಿಕೊಂಡ ವಾಕ್ಯ ಇದು: “ಯಾವುದೇ ವ್ಯಕ್ತಿ ನಮ್ಮಲ್ಲಿ ಓದುತ್ತಿದ್ದಾರೆಯೇ ಇಲ್ಲವೇ ಎಂಬುದನ್ನು ನಾವು ದೂರವಾಣಿಯಲ್ಲಿ ತಿಳಿಸುವುದಿಲ್ಲ. ನಿಮ್ಮ ಹೆಸರು, ಸಂಖ್ಯೆ, ಸಂದೇಶವನ್ನು ಬರೆದುಕೊಳ್ಳುತ್ತೇನೆ. ಅಂಥವರು ಇದ್ದರೆ ಅವರಿಗೆ ತಲುಪುತ್ತದೆ.”

ಈ ವಾಕ್ಯದ ಶಕ್ತಿಯಿರುವುದು ಅದು ಬದಲಾಗದೆ ಇರುವುದರಲ್ಲಿ. ವಿದ್ಯಾರ್ಥಿ ಇರಲಿ, ಇಲ್ಲದಿರಲಿ, ಕಳೆದ ವರ್ಷವೇ ಬಿಟ್ಟುಹೋಗಿರಲಿ, ಕೇಳುವವರಿಗೆ ಸಿಗುವುದು ಒಂದೇ ಮಾತು, ಒಂದೇ ಧ್ವನಿ, ಒಂದೇ ವೇಗ. ವೇಗದ ಮಾತನ್ನು ಹಗುರವಾಗಿ ಆಡುತ್ತಿಲ್ಲ. ಹೆಸರು ಕೇಳಿದ ಮೇಲೆ ಕೀಲಿಮಣೆಯ ಸದ್ದು, ಒಂದು ಕ್ಷಣದ ಮೌನ, “ಹೂಂ” ಎಂಬ ಉದ್ಗಾರ, ಆಮೇಲೆ “ಹೇಳಲಾಗುವುದಿಲ್ಲ” ಎಂದರೆ, ಹೇಳಿಯೇ ಬಿಟ್ಟಂತಾಯಿತು. ಆದ್ದರಿಂದ ಹೊರಗಿನ ಕರೆ ಬಂದಾಗ ದಾಖಲೆಯನ್ನು ತೆರೆಯುವುದೇ ಬೇಡ ಎಂದು ನಾವು ತೀರ್ಮಾನಿಸಿದ್ದೆವು. ಹುಡುಕುವ ಕೆಲಸ ಫೋನು ಇಟ್ಟ ಮೇಲೆ. ಬೆರಳುಗಳಿಗೆ ಈ ಅಭ್ಯಾಸವಾಗಲು ನನಗೆ ಆರು ತಿಂಗಳು ಹಿಡಿಯಿತು.

ಸಂದೇಶ ತಲುಪಿಸುವ ಭಾಗವನ್ನು ಕೆಲವು ಹಿರಿಯ ಅಧಿಕಾರಿಗಳು ಅನಗತ್ಯ ಕೆಲಸವೆಂದು ಭಾವಿಸುತ್ತಿದ್ದರು. ನನ್ನ ಅಭಿಪ್ರಾಯದಲ್ಲಿ ಇಡೀ ವ್ಯವಸ್ಥೆ ನಿಂತಿರುವುದು ಅದರ ಮೇಲೆಯೇ, ಏಕೆಂದರೆ ಬರೀ ನಿರಾಕರಣೆಯನ್ನು ಯಾವ ಗುಮಾಸ್ತನೂ ಬಹಳ ಕಾಲ ಪಾಲಿಸಲಾರ. ಆ ಬದಿಯಲ್ಲಿರುವವರು ನಿಜವಾಗಿಯೂ ಅಣ್ಣನೇ ಆಗಿರಬಹುದು, ತಾಯಿ ನಿಜವಾಗಿಯೂ ಆಸ್ಪತ್ರೆಯಲ್ಲಿರಬಹುದು ಎಂಬ ಯೋಚನೆ ಕೊರೆಯುತ್ತಿರುತ್ತದೆ. “ಹತ್ತು ನಿಮಿಷದಲ್ಲಿ ಸಂದೇಶ ತಲುಪಿಸುತ್ತೇನೆ” ಎನ್ನಲು ಸಾಧ್ಯವಾದರೆ ನಿಜವಾದ ಅಣ್ಣನಿಗೆ ನಷ್ಟವಿಲ್ಲ, ಸುಳ್ಳು ಅಣ್ಣನಿಗೆ ಲಾಭವಿಲ್ಲ. ಮಾಹಿತಿ ಹೊರಗೆ ಹೋಗುವ ಬದಲು ಪ್ರಶ್ನೆ ಒಳಗೆ ಬರುತ್ತದೆ; ಮರಳಿ ಕರೆ ಮಾಡಬೇಕೋ ಬೇಡವೋ ಎಂಬ ನಿರ್ಧಾರ ವಿದ್ಯಾರ್ಥಿಯದು.

ಗುರುತು ಖಚಿತಪಡಿಸಿಕೊಂಡು ಮಾಹಿತಿ ಕೊಡಬಹುದಲ್ಲ ಎಂದು ಕೇಳುವವರಿಗೆ 2006ರಲ್ಲಿ ಬೆಳಕಿಗೆ ಬಂದ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಪ್ರಕರಣವನ್ನು ನೆನಪಿಸುತ್ತೇನೆ. ಆಡಳಿತ ಮಂಡಳಿಯ ಸುದ್ದಿ ಸೋರಿಕೆಯನ್ನು ಪತ್ತೆಹಚ್ಚಲು ನೇಮಿಸಿಕೊಂಡಿದ್ದ ತನಿಖೆಗಾರರು, ನಿರ್ದೇಶಕರ ಮತ್ತು ಪತ್ರಕರ್ತರ ಸೋಗಿನಲ್ಲಿ ದೂರವಾಣಿ ಕಂಪನಿಗಳಿಂದ ಅವರ ಕರೆ ವಿವರಗಳನ್ನು ಪಡೆದಿದ್ದರು. ಕೇಳಿದ ಗುರುತಿನ ಪ್ರಶ್ನೆಗಳಿಗೆಲ್ಲ ಅವರ ಬಳಿ ಉತ್ತರವಿತ್ತು. ವಿದ್ಯಾರ್ಥಿಯ ವಿಷಯದಲ್ಲಿ ಇದು ಇನ್ನೂ ಸುಲಭ, ಏಕೆಂದರೆ ಅಪಾಯಕಾರಿಯಾದ ವಿಚಾರಣೆ ಬರುವುದು ಅಪರಿಚಿತರಿಂದಲ್ಲ. ಹುಟ್ಟುಹಬ್ಬ, ತಾಯಿಯ ಹೆಸರು, ನೋಂದಣಿ ಸಂಖ್ಯೆ ಎಲ್ಲವನ್ನೂ ಒಂದು ಕಾಲದಲ್ಲಿ ಪ್ರೀತಿಯಿಂದಲೇ ತಿಳಿದುಕೊಂಡಿದ್ದವರಿಂದ. ಸಂಸ್ಥೆಯೊಂದರ ಪರವಾಗಿ ಕರೆ ಬಂದಾಗ, ಅವರು ಕೊಟ್ಟ ಸಂಖ್ಯೆಗೆ ಮರಳಿ ಕರೆ ಮಾಡದೆ ನಾವೇ ಹುಡುಕಿದ ಸಂಖ್ಯೆಗೆ ಕರೆ ಮಾಡುವುದೊಂದೇ ಸ್ವಲ್ಪ ಮಟ್ಟಿಗೆ ಕೆಲಸ ಮಾಡಿದ ಉಪಾಯ.

ತಂದೆತಾಯಿಯರ ಪ್ರಶ್ನೆ ಎಲ್ಲಕ್ಕಿಂತ ತೊಡಕಿನದು. ಶುಲ್ಕ ಕಟ್ಟುವವರು ಅವರು, ಚಿಂತೆ ಅವರದು. ‘ಹೊರಗಿನವರು’ ಎಂಬ ಪಟ್ಟಿಯಲ್ಲಿ ತಮ್ಮನ್ನು ಸೇರಿಸಲಾಗಿದೆ ಎಂಬುದನ್ನು ಕೇಳಿದಾಗ ಅವರಿಗಾಗುವ ನೋವನ್ನು ಕೌಂಟರಿನ ಈ ಬದಿಯಿಂದ ನೂರಾರು ಬಾರಿ ನೋಡಿದ್ದೇನೆ. ಕಾನೂನುಗಳೂ ಇಲ್ಲಿ ಒಂದೇ ದಾರಿ ಹಿಡಿದಿಲ್ಲ. ಅಮೆರಿಕದಲ್ಲಿ ವಿದ್ಯಾರ್ಥಿಗೆ 18 ತುಂಬಿದಾಗ, ಅಥವಾ ಅದಕ್ಕೂ ಮೊದಲೇ ಕಾಲೇಜು ಮಟ್ಟಕ್ಕೆ ಸೇರಿದಾಗ, ದಾಖಲೆಯ ಮೇಲಿನ ಹಕ್ಕು ತಂದೆತಾಯಿಯಿಂದ ವಿದ್ಯಾರ್ಥಿಗೆ ದಾಟುತ್ತದೆ; ಆದರೂ ತೆರಿಗೆಯ ಲೆಕ್ಕದಲ್ಲಿ ಅವಲಂಬಿತರಾಗಿರುವ ಮಕ್ಕಳ ದಾಖಲೆಯನ್ನು ಪೋಷಕರಿಗೆ ತೋರಿಸಲು ಸಂಸ್ಥೆಗೆ ಅವಕಾಶವಿದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಪರಿಗಣಿಸುತ್ತದೆ. ಹಾಗಾಗಿ ಮೊದಲ ವರ್ಷಕ್ಕೆ ಸೇರಿದ ಹದಿನೇಳರ ಹುಡುಗನೊಬ್ಬ ಒಂದು ದೇಶದಲ್ಲಿ ತನ್ನ ದಾಖಲೆಗೆ ತಾನೇ ಒಡೆಯ, ಇನ್ನೊಂದರಲ್ಲಿ ಪೋಷಕರ ಒಪ್ಪಿಗೆಯ ಅಡಿಯಲ್ಲಿರುವವನು.

ಕಾಯ್ದೆ ಏನೇ ಹೇಳಲಿ, ನನಗೆ ಸರಿಕಂಡದ್ದು ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯ 2018ರಲ್ಲಿ ತಂದ ಕ್ರಮ. ಹಲವು ವಿದ್ಯಾರ್ಥಿಗಳ ಸಾವಿನ ನಂತರ ಅಲ್ಲಿ, ನಿಮ್ಮ ಕ್ಷೇಮದ ಬಗ್ಗೆ ಗಂಭೀರ ಆತಂಕ ಉಂಟಾದರೆ ನೀವು ಸೂಚಿಸಿದ ವ್ಯಕ್ತಿಯನ್ನು ಸಂಪರ್ಕಿಸಬಹುದೇ ಎಂದು ನೋಂದಣಿಯ ಸಮಯದಲ್ಲಿಯೇ ವಿದ್ಯಾರ್ಥಿಗಳನ್ನು ಕೇಳಲು ಆರಂಭಿಸಿದರು. ಬಹುಪಾಲು ವಿದ್ಯಾರ್ಥಿಗಳು ಒಪ್ಪಿದರು. ಆ ವ್ಯಕ್ತಿ ತಂದೆಯೇ ಆಗಬೇಕೆಂದಿಲ್ಲ, ಚಿಕ್ಕಮ್ಮನಾಗಬಹುದು, ಗೆಳೆಯನಾಗಬಹುದು. ಕಷ್ಟದ ದಿನ ಬರುವ ಮೊದಲೇ, ತಲೆ ತಣ್ಣಗಿರುವಾಗ ಕೇಳಿಟ್ಟುಕೊಂಡ ಒಪ್ಪಿಗೆ ಅದು.

ಖಾಸಗಿತನವನ್ನು ತಪ್ಪಾಗಿ ಅರ್ಥಮಾಡಿಕೊಂಡರೆ ಏನಾಗಬಹುದು ಎಂಬುದಕ್ಕೂ ಉದಾಹರಣೆಯಿದೆ. 2007ರ ಏಪ್ರಿಲ್ 16ರಂದು ಅಮೆರಿಕದ ವಿಶ್ವವಿದ್ಯಾಲಯವಾದ ವರ್ಜೀನಿಯಾ ಟೆಕ್‌ನಲ್ಲಿ ಒಬ್ಬ ವಿದ್ಯಾರ್ಥಿ 32 ಮಂದಿಯನ್ನು ಗುಂಡಿಟ್ಟು ಕೊಂದ ನಂತರ ರಾಜ್ಯ ಸರ್ಕಾರ ನೇಮಿಸಿದ ಸಮಿತಿ, ಅವನ ಬಗ್ಗೆ ಬೋಧಕರಿಗೆ ಒಂದಿಷ್ಟು, ಆಪ್ತಸಮಾಲೋಚನಾ ಕೇಂದ್ರಕ್ಕೆ ಒಂದಿಷ್ಟು, ಕ್ಯಾಂಪಸ್ ಪೊಲೀಸರಿಗೆ ಒಂದಿಷ್ಟು ತಿಳಿದಿದ್ದರೂ ಅದು ಒಂದೆಡೆ ಸೇರಲಿಲ್ಲ ಎಂದು ಗುರುತಿಸಿತು. ಖಾಸಗಿತನದ ಕಾನೂನು ಅಡ್ಡಬರುತ್ತದೆ ಎಂಬ ತಪ್ಪು ತಿಳಿವಳಿಕೆ ಅದಕ್ಕೆ ಒಂದು ಕಾರಣವಾಗಿತ್ತು. ವಾಸ್ತವದಲ್ಲಿ ಕಾನೂನು ಅಷ್ಟು ಬಿಗಿಯಾಗಿರಲೇ ಇಲ್ಲ. ಆರೋಗ್ಯ ಅಥವಾ ಸುರಕ್ಷತೆಗೆ ಗಂಭೀರ ಬೆದರಿಕೆಯಿದ್ದಾಗ ಪೋಷಕರಿಗೂ ಮಾಹಿತಿ ಕೊಡಬಹುದು ಎಂಬುದನ್ನು 2008ರ ಕೊನೆಯಲ್ಲಿ ತಿದ್ದಿದ ನಿಯಮಗಳು ಸ್ಪಷ್ಟಪಡಿಸಿದವು. ಆದರೆ ತುರ್ತು ಎಂದು ತೀರ್ಮಾನಿಸಬೇಕಾದವರು ಸಂಸ್ಥೆಯ ಒಳಗಿನವರು, ಅವರು ಕಂಡ ಸಂಗತಿಗಳ ಆಧಾರದಲ್ಲಿ. ಫೋನಿನ ಆ ಬದಿಯವನು “ತುರ್ತು” ಎಂದದ್ದೇ ತುರ್ತಾಗುವುದಿಲ್ಲ, ಮತ್ತು ಆ ತೀರ್ಮಾನ ಕೌಂಟರಿನ ಗುಮಾಸ್ತನ ತಲೆಗೆ ಬೀಳಬಾರದು. ಯಾರಿಗೆ ದಾಟಿಸಬೇಕೆಂಬ ಒಂದು ಹೆಸರು, ಒಂದು ಸಂಖ್ಯೆ ಅವನ ಮೇಜಿನ ಮೇಲಿದ್ದರೆ ಸಾಕು.

ಸಮವಸ್ತ್ರ ಕಂಡೊಡನೆ ಕಡತ ಕೊಟ್ಟುಬಿಡುವ ರೂಢಿ ಎಲ್ಲ ಕಚೇರಿಗಳಲ್ಲೂ ಇದೆ. ಪೊಲೀಸರು ಕೇಳುವುದಕ್ಕೂ ನ್ಯಾಯಾಲಯ ಆದೇಶಿಸುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಹೇಳಿಕೊಡಬೇಕಾಗಿ ಬರುವುದು ಈ ಕಾರಣಕ್ಕೆ. ಬ್ರಿಟನ್ನಿನ ದತ್ತಾಂಶ ಕಾನೂನಿನಲ್ಲಿ ಅಪರಾಧ ತನಿಖೆಗೆಂದು ಇರುವ ವಿನಾಯಿತಿ ‘ಕೊಡಬಹುದು’ ಎನ್ನುತ್ತದೆ, ‘ಕೊಡಲೇಬೇಕು’ ಎನ್ನುವುದಿಲ್ಲ. ಅಮೆರಿಕದಲ್ಲಿ ನ್ಯಾಯಾಲಯದ ಸಮನ್ಸ್ ಬಂದರೂ, ವಿಶೇಷ ನಿರ್ಬಂಧವಿಲ್ಲದಿದ್ದರೆ, ದಾಖಲೆ ಕೊಡುವ ಮುನ್ನ ವಿದ್ಯಾರ್ಥಿಗೆ ತಿಳಿಸಲು ಪ್ರಯತ್ನಿಸಬೇಕು. ಭಾರತದ ಮಾಹಿತಿ ಹಕ್ಕು ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿಯೂ ಇದೇ ಬಗೆಯ ವಿವೇಕವಿದೆ: ಮೂರನೆಯವರು ಗೌಪ್ಯವೆಂದು ಭಾವಿಸಿದ ಮಾಹಿತಿಯನ್ನು ಕೊಡಲು ಯೋಚಿಸಿದರೆ, ಅರ್ಜಿ ಬಂದ 5 ದಿನಗಳೊಳಗೆ ಅವರಿಗೆ ಲಿಖಿತ ನೋಟಿಸ್ ಹೋಗಬೇಕು, ಉತ್ತರಿಸಲು ಅವರಿಗೆ 10 ದಿನ ಸಿಗಬೇಕು. ಅದೇ ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ 8(1)(ಜೆ) ಉಪಬಂಧವನ್ನು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಮೊಟಕುಗೊಳಿಸಿ, ವೈಯಕ್ತಿಕ ಮಾಹಿತಿ ಎಂಬ ಒಂದೇ ಕಾರಣಕ್ಕೆ ನಿರಾಕರಿಸಲು ಅವಕಾಶ ಮಾಡಿಕೊಟ್ಟಿತು. ವಿದ್ಯಾರ್ಥಿಯ ರಕ್ಷಣೆಯ ಹೆಸರಿನಲ್ಲಿ ಸಂಸ್ಥೆ ತನ್ನ ತಪ್ಪನ್ನೇ ಮುಚ್ಚಿಕೊಳ್ಳಲು ಇದು ದಾರಿಯಾಗಬಹುದೆಂಬ ಆತಂಕ ನನಗಿದೆ. ಎಷ್ಟು ಮಂದಿಗೆ ಶಿಷ್ಯವೇತನ ಸಿಕ್ಕಿತು ಎಂಬ ಲೆಕ್ಕಕ್ಕೂ, ಯಾರಿಗೆ ಏಕೆ ಸಿಗಲಿಲ್ಲ ಎಂಬ ಕಡತಕ್ಕೂ ಒಂದೇ ಬೀಗ ಹಾಕುವಂತಿಲ್ಲ.

ತಮಾಷೆಯೆಂದರೆ, ಹೊರಗಿನ ದನಿಗೆ ಇಷ್ಟು ಸುಲಭವಾಗಿ ಬಾಯಿಬಿಡುವ ಕಚೇರಿಗಳೇ, ವಿದ್ಯಾರ್ಥಿ ತನ್ನದೇ ಉತ್ತರ ಪತ್ರಿಕೆಯನ್ನು ಕೇಳಿದಾಗ ಗೌಪ್ಯತೆಯ ಮಂತ್ರ ಜಪಿಸುತ್ತಿದ್ದವು. ಮೌಲ್ಯಮಾಪನವಾದ ಉತ್ತರ ಪತ್ರಿಕೆಯನ್ನು ಪರೀಕ್ಷಾರ್ಥಿ ನೋಡಬಹುದೆಂದು ಭಾರತದ ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿತು. ಉತ್ತರಗಳಷ್ಟೇ ಅಲ್ಲ, ಅಂಚಿನಲ್ಲಿ ಪರೀಕ್ಷಕರು ಬರೆದ ಟಿಪ್ಪಣಿಯೂ ಪರೀಕ್ಷಾರ್ಥಿಯ ವೈಯಕ್ತಿಕ ದತ್ತಾಂಶವೇ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2017ರಲ್ಲಿ ನೊವಾಕ್ ಪ್ರಕರಣದಲ್ಲಿ ತೀರ್ಪಿತ್ತಿತು.

ಪದವಿ ಪರಿಶೀಲನೆಯ ವಿಚಾರಣೆಗಳು ಸಂಖ್ಯೆಯಲ್ಲಿ ಅತಿ ಹೆಚ್ಚು, ನಿರ್ವಹಿಸಲು ಅತಿ ಸುಲಭ, ಮತ್ತು ಬಾಯಿ ಜಾರುವುದೂ ಅಲ್ಲಿಯೇ. ಉದ್ಯೋಗದಾತರು ಅಭ್ಯರ್ಥಿಯ ಒಪ್ಪಿಗೆ ಪತ್ರದೊಂದಿಗೆ ಹೆಸರು, ಪದವಿ, ವರ್ಷ ಬರೆದು ಕಳುಹಿಸುತ್ತಾರೆ. ನಾವು ಹೇಳಬೇಕಾದದ್ದು ತಾಳೆಯಾಗುತ್ತದೆ ಅಥವಾ ತಾಳೆಯಾಗುವುದಿಲ್ಲ ಎಂದಷ್ಟೇ. ಒಮ್ಮೆ ಅಂಥದೊಂದು ಪತ್ರಕ್ಕೆ ನಮ್ಮ ವಿಭಾಗದಿಂದ ಹೋದ ಉತ್ತರದ ಪ್ರತಿಯನ್ನು ಕಡತದಲ್ಲಿ ನೋಡಿ ಕುಸಿದೆ. “ಪದವಿ ನಿಜ, ಆದರೆ ಎರಡು ವಿಷಯ ಬಾಕಿ ಉಳಿದಿದ್ದರಿಂದ ಮೂರು ವರ್ಷದ ಕೋರ್ಸನ್ನು ಐದು ವರ್ಷದಲ್ಲಿ ಮುಗಿಸಿರುತ್ತಾರೆ” ಎಂದು ಯಾರೋ ಅಚ್ಚುಕಟ್ಟಾಗಿ ಟೈಪು ಮಾಡಿ ಸಹಿ ಹಾಕಿದ್ದರು. ಕೇಳದ ಪ್ರಶ್ನೆಗೆ ಕೊಟ್ಟ ಆ ಉತ್ತರದಿಂದ ಕೆಲಸ ಹೋಯಿತೋ ಉಳಿಯಿತೋ ನಮಗೆ ತಿಳಿಯುವ ಬಗೆಯೇ ಇರಲಿಲ್ಲ.

ಸೋರಿಕೆಗೆ ವಿಚಾರಣೆಯೇ ಬರಬೇಕೆಂದಿಲ್ಲ. ಶುಲ್ಕ ವಿನಾಯಿತಿ ತಿರಸ್ಕೃತವಾದ ನಲವತ್ತು ಮಂದಿಗೆ ಒಂದೇ ಇಮೇಲ್, ಎಲ್ಲರ ವಿಳಾಸವೂ ಎಲ್ಲರಿಗೂ ಕಾಣುವಂತೆ. ಹೆಸರಿಲ್ಲದೆ ಬರೀ ನೋಂದಣಿ ಸಂಖ್ಯೆಯಿರುವ, ಆದರೆ ಅಕ್ಷರಾನುಕ್ರಮ ಹಾಗೆಯೇ ಉಳಿದಿರುವ ಫಲಿತಾಂಶ ಪಟ್ಟಿ. ಕೌಂಟರಿನಲ್ಲಿ ನಿಂತವರ ಕಡೆಗೆ ತಿರುಗಿರುವ ಪರದೆ. ಇವನ್ನೆಲ್ಲ ಅರ್ಧ ದಿನದಲ್ಲಿ ಸರಿಪಡಿಸಬಹುದು. ಒಮ್ಮೆ ಹೊರಹೋದ ಮಾಹಿತಿಗೆ ಪರಿಹಾರ ಹುಡುಕುವುದು ಹಾಗಲ್ಲ. ಅಮೆರಿಕದ ಗೊನ್ಜಾಗ ವಿಶ್ವವಿದ್ಯಾಲಯದ ಸಿಬ್ಬಂದಿಯೊಬ್ಬರು ಕಿವಿಗೆ ಬಿದ್ದ ಮಾತಿನ ಆಧಾರದಲ್ಲಿ, ವಿದ್ಯಾರ್ಥಿಗೆ ತಿಳಿಸದೆ, ಶಿಕ್ಷಕರ ಅರ್ಹತೆಯನ್ನು ದೃಢೀಕರಿಸುವ ಸರ್ಕಾರಿ ಸಂಸ್ಥೆಗೆ ಅವನ ಮೇಲಿನ ಆರೋಪವನ್ನು ಮುಟ್ಟಿಸಿದ್ದರು. ವಿದ್ಯಾರ್ಥಿ ದಾವೆ ಹೂಡಿ ಕೆಳ ನ್ಯಾಯಾಲಯದಲ್ಲಿ ಗೆದ್ದರೂ, ಫೆರ್ಪಾ ಉಲ್ಲಂಘನೆಗಾಗಿ ವ್ಯಕ್ತಿಯೊಬ್ಬ ತಾನಾಗಿ ದಾವೆ ಹೂಡಲು ಬರುವುದಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಮಾನಿಸಿತು. ದೂರು ಕೊಡಬಹುದು, ಸರ್ಕಾರ ಅನುದಾನ ನಿಲ್ಲಿಸಬಹುದು. ವಿದ್ಯಾರ್ಥಿಯ ಕೈಗೆ ಏನೂ ಬರುವುದಿಲ್ಲ.

ನಾನು ಆ ವಿಭಾಗವನ್ನು ಬಿಡುವ ಕೆಲವು ತಿಂಗಳ ಮೊದಲು ಒಬ್ಬ ತಂದೆಯ ಕರೆ ಬಂದಿತ್ತು. ಮಗ ಎರಡು ವರ್ಷಗಳಿಂದ ಮನೆಯವರೊಡನೆ ಮಾತಾಡಿಲ್ಲ, ನಿಮ್ಮಲ್ಲಿ ಓದುತ್ತಿದ್ದಾನೆಂದು ಯಾರೋ ಹೇಳಿದರು, ಇದ್ದಾನೋ ಇಲ್ಲವೋ ಅಷ್ಟು ಹೇಳಿ ಎಂದರು. ದನಿ ನಡುಗುತ್ತಿತ್ತು. ನಾನು ಗೊತ್ತುಪಡಿಸಿದ ವಾಕ್ಯವನ್ನೇ ಹೇಳಿ, ಸಂದೇಶ ಬರೆದುಕೊಂಡೆ. ಮರುದಿನ ಹುಡುಗ ಬಂದು ಚೀಟಿಯನ್ನು ಎರಡು ಸಲ ಓದಿ, ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. “ನಾನು ತಗೊಂಡೆ ಅಂತ ಹೇಳ್ಬೇಡಿ ಸರ್” ಎಂದ. ವಾರದ ನಂತರ ತಂದೆ ಮತ್ತೆ ಕರೆ ಮಾಡಿ, ತಲುಪಿತೇ ಎಂದು ಕೇಳಿದರು. ನಾನು ಪರದೆಯತ್ತ ನೋಡದೆ, ಅದೇ ವೇಗದಲ್ಲಿ, ಅದೇ ವಾಕ್ಯವನ್ನು ಮತ್ತೊಮ್ಮೆ ಹೇಳಿದೆ.